ಗೋಡೆ ಗಟ್ಟಿಗಿತ್ತು ಬುದ್ಧಿ

ಬಿರುಕಿನೊಳಗೆ ಕೈ ಹೋಗುತ್ತಿತ್ತು. ಬೆರಳಲ್ಲ, ಕೈ. ವೊಲೆರೊ ಏಣಿಯ ಮೇಲೆ ನಿಂತು ಅಂಗೈ ಅಡ್ಡ ಮಾಡಿ ತೂರಿಸಿದ. ಒಳಗೆ ತಣ್ಣಗಿತ್ತು. ಹಸಿ ಇಟ್ಟಿಗೆ ಮಳೆ ನೀರು ಕುಡಿದು ಕುಡಿದು ಮೆತ್ತಗಾಗಿತ್ತು. ಹಿಂಡಿದರೆ ಕಲಸಿದ ಹಿಟ್ಟಿನ ಹಾಗೆ ಬೆರಳ ಸಂದಿಯಿಂದ ಈಚೆ ಬಂತು.

ಅವನು ಇಳಿದು ಬಂದ. ಕೆಳಗೆ ಫಿಲೊ ಕಂಬಳಿ ಹೊದ್ದು ನಿಂತಿದ್ದ.

“ಇದಕ್ಕೆ ಗಾರೆ ನಿಲ್ಲಲ್ಲ ಫಿಲೊ. ತೊಲೆ ತಂದು ಆನಿಸ್ಬೇಕು. ಮೇಲಿನ ಅಂತಸ್ತಿನವ್ರನ್ನ ಇಳಿಸ್ಬೇಕು.”

“ಇಳಿಸಿ ಎಲ್ಲಿಡ್ಲಿ? ನನ್ನ ತಲೆ ಮೇಲಾ?”

“ಬೀಳುತ್ತೆ ಕಣಯ್ಯ.”

“ನೀನು ಹುಟ್ಟಿದಾಗಿಂದ ರೋಮಲ್ಲಿ ಗೋಡೆ ಬೀಳ್ತಾನೇ ಅವೆ. ಚುನಾವಣೆ ಮುಗೀಲಿ, ತೊಲೆ ತರಿಸ್ತೀನಿ. ಈಗ ನಡುಬೀದೀಲಿ ಆಸರೆ ತೊಲೆ ನಿಲ್ಸಿದ್ರೆ ನೋಡೋರು ಏನಂತಾರೆ? ಊರಿನ ಮನೆಗಳ್ನ ಕಾಯ್ತೀನಿ ಅಂತ ಹೊರಟವ್ನು ತನ್ನ ವಠಾರಕ್ಕೇ ಕೋಲು ಕೊಟ್ಟವ್ನೆ ಅಂತಾರೆ. ಮುಚ್ಚು. ಬೆಳ್ಳಗೆ ಕಾಣ್ಬೇಕು.”

ಫಿಲೊ ಒಂದು ಕಾಲದಲ್ಲಿ ವೆತುರಿಯಸನ ಮನೆಯ ಗುಲಾಮ. ಈಗ ಬಿಡುಗಡೆ ಸಿಕ್ಕಿದೆ, ಅದೇ ಮನೆಯ ಪಾರುಪತ್ಯ ನೋಡುತ್ತಾನೆ. ಸುಬುರಾ ಬೀದಿಯ ಆ ಐದು ಅಂತಸ್ತಿನ ವಠಾರ ವೆತುರಿಯಸನದು. ವೆತುರಿಯಸ್ ಪೆಟ್ರೀಷಿಯನ್, ಹಳೆಯ ದೊಡ್ಡ ಮನೆತನದವನು. ಆ ಚಳಿಗಾಲ ಅವನು ಈಡೈಲ್ ಪದವಿಗೆ ನಿಂತಿದ್ದ. ಊರಿನ ಬೀದಿ, ಸಂತೆ, ಕಟ್ಟಡಗಳನ್ನು ನೋಡಿಕೊಳ್ಳುವ ಪದವಿ ಅದು. ಹಾಳು ಗೋಡೆ ಕಂಡರೆ ಕೆಡವಿಸುವ ಅಧಿಕಾರ ಅದಕ್ಕೇ ಇತ್ತು.

ವೊಲೆರೊ ಅವನ ಆಳಲ್ಲ. ರೋಮಿನ ಪೌರ. ಮತ ಹಾಕುವ ಹಕ್ಕಿರುವವನು. ಆದರೆ ಅವನಪ್ಪ ವೆತುರಿಯಸನ ಅಪ್ಪನ ಬಾಗಿಲಲ್ಲಿ ನಿಂತವನು. ಈಗ ಇವನು ನಿಲ್ಲುತ್ತಿದ್ದ. ಪಕ್ಕದ ಬೀದಿಯಲ್ಲಿ ಅವನಿರುವ ಕೋಣೆ ಅವರದು, ಸಿಗುವ ಕೆಲಸ ಅವರದು. ವೆತುರಿಯಸ್ ಅವನನ್ನು “ಮಗನೇ” ಎಂದು ಕರೆಯುತ್ತಿದ್ದ. ವೊಲೆರೊ ಅವನಿಗಿಂತ ಹತ್ತಾರು ವರ್ಷ ದೊಡ್ಡವನು.

ಸುಣ್ಣ, ಮರಳು, ಮೇಕೆ ಕೂದಲು ಸೇರಿಸಿ ಕಲಸಿದ. ಕರಣೆ ತೆಗೆದುಕೊಂಡು ಮತ್ತೆ ಏಣಿ ಹತ್ತಿದ. ಮೊದಲು ಚಿಂದಿ ತುರುಕಿದ. ಮೇಲೆ ಗಾರೆ ಬಳಿದ. ಒಳ್ಳೆಯ ಕೈ ಅವನದು. ಬಳಿದ ಮೇಲೆ ಬಿರುಕು ಎಲ್ಲಿತ್ತೆಂದು ಅವನೇ ಹುಡುಕಬೇಕಿತ್ತು.

ಮೂರನೆಯ ಅಂತಸ್ತಿನ ಕಿಟಕಿಯಿಂದ ನಾದಿನಿ ತಲೆ ಹೊರಗೆ ಹಾಕಿದಳು. ಅವಳ ಹೆಸರೂ ವಿಬಿಯಾ, ಅವನ ಹೆಂಡತಿಯ ಹೆಸರೂ ವಿಬಿಯಾ. ಹೆಣ್ಣಿಗೆ ಬೇರೆ ಹೆಸರಿಡುವ ರೂಢಿ ಅಲ್ಲಿಲ್ಲ. ಅಪ್ಪನ ಮನೆತನದ ಹೆಸರೇ ಎಲ್ಲ ಹೆಣ್ಣುಮಕ್ಕಳಿಗೂ. ದೊಡ್ಡವಳು ದೊಡ್ಡ ವಿಬಿಯಾ, ಚಿಕ್ಕವಳು ಚಿಕ್ಕ ವಿಬಿಯಾ.

“ಭಾವ! ಗೋಡೆಗೇನಾಗೈತೆ? ಮಲಗಿದ್ರೆ ಕಿರಕಿರ ಅಂತೈತೆ.”

“ಏನಾಗೈತೆ, ಏನೂ ಇಲ್ಲ. ಗಾಳಿ ನುಗ್ತಿತ್ತು, ಮುಚ್ಚಿದೆ.”

“ನಿಜವಾಗ್ಲೂ?”

“ನಿನ್ನ ಗಂಡನ ಗೊರಕೆ ಇರ್ಬೇಕು ಹೋಗು.”

ಅವಳು ನಕ್ಕಳು. ಒಂದು ಬಟ್ಟಲು ಅಂಬಲಿ ತಂದು ಕಿಟಕಿಯಿಂದಲೇ ಕೈಗೆ ಕೊಟ್ಟಳು. ಬಿಸಿ ಇತ್ತು. ಏಣಿಯ ಮೇಲೆ ನಿಂತೇ ಕುಡಿದ. ಬಟ್ಟಲು ವಾಪಸ್ ಕೊಡುವಾಗ ಅವಳ ಮುಖ ನೋಡಲಿಲ್ಲ.

ವಠಾರ ಬಿದ್ದ ಬೆಳಿಗ್ಗೆ ವೊಲೆರೊ ವೆತುರಿಯಸನ ಮನೆ ಬಾಗಿಲಲ್ಲಿದ್ದ. ದಿನಾ ಬೆಳಕು ಹರಿಯುವ ಮುಂಚೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಒಡೆಯ ಎದ್ದು ಬಂದಾಗ ನಮಸ್ಕಾರ ಹೇಳಬೇಕು. ಫಿಲೊ ಬುಟ್ಟಿಗೆ ಏನಾದರೂ ಹಾಕುತ್ತಾನೆ. ಆಲಿವ್ ಕಾಯಿ, ಒಣ ಗಿಣ್ಣು, ನಿನ್ನೆಯ ರೊಟ್ಟಿ. ಅದನ್ನು ಹಿಡಿದು ಒಡೆಯನ ಹಿಂದೆ ಊರೊಳಗೆ ನಡೆಯಬೇಕು. ಎಷ್ಟು ಜನ ಹಿಂದಿದ್ದರೆ ಅಷ್ಟು ದೊಡ್ಡ ಮನುಷ್ಯ.

ವೆತುರಿಯಸ್ ಹೊರಗೆ ಬಂದ. ಪದವಿಗೆ ನಿಂತವರು ಮೈಗೆ ಸುತ್ತಿಕೊಳ್ಳುವ ಬಿಳಿ ಟೋಗಾ ತೊಟ್ಟಿದ್ದ. ಕಣ್ಣು ಕುಕ್ಕುವಷ್ಟು ಬಿಳಿ. ಅದನ್ನು ಬೆಳ್ಳಗೆ ಮಾಡಿದವಳು ಅಗಸರ ಅಂಗಡಿಯಲ್ಲಿ ದುಡಿಯುವ ವೊಲೆರೊನ ಹೆಂಡತಿ, ದೊಡ್ಡ ವಿಬಿಯಾ. ಬೀದಿ ಮೂಲೆಯ ಗಡಿಗೆಗಳಲ್ಲಿ ಊರವರು ಹುಯ್ದ ಉಚ್ಚೆಯನ್ನು ತೊಟ್ಟಿಗೆ ಸುರಿದು, ಬಟ್ಟೆ ಹಾಕಿ, ಅದರೊಳಗೆ ನಿಂತು ತುಳಿಯುವುದು ಅವಳ ಕೆಲಸ. ಮೊಣಕಾಲಿನವರೆಗೂ ಅವಳ ಚರ್ಮ ಸುಲಿದು ಕೆಂಪಾಗಿತ್ತು. ತುಳಿದಾದ ಮೇಲೆ ಬಿಳಿಮಣ್ಣು ಉಜ್ಜಬೇಕು.

“ಮಗನೇ ವೊಲೆರೊ, ಸುಬುರಾ ಬೀದಿ ಏನನ್ನುತ್ತೆ?”

“ನಿಮ್ಮ ಹೆಸರೇ ಬುದ್ಧಿ.”

ಆಗ ಒಬ್ಬ ಓಡಿ ಬಂದ. ತಲೆಯಿಂದ ಕಾಲಿನವರೆಗೆ ಧೂಳು. ಬಾಯಿ ತೆರೆದರೆ ಮಾತು ಬರಲಿಲ್ಲ, ಕೆಮ್ಮು ಬಂತು.

“ವಠಾರ... ಸುಬುರಾ ವಠಾರ... ಪೂರ್ತಿ.”

ವೊಲೆರೊನ ಕೈಯಿಂದ ಬುಟ್ಟಿ ಬಿತ್ತು. ಆಲಿವ್ ಕಾಯಿ ಕಲ್ಲಿನ ಮೇಲೆ ಉರುಳಿದವು. ಅವನು ಓಡಲಿಲ್ಲ. ಮೊದಲು ಫಿಲೊನ ಮುಖ ನೋಡಿದ. ಫಿಲೊ ನೆಲ ನೋಡುತ್ತಿದ್ದ. ಆಮೇಲೆ ಓಡಿದ.

ಐದು ಅಂತಸ್ತು ಎರಡಾಳು ಎತ್ತರದ ಗುಡ್ಡೆಯಾಗಿತ್ತು. ಜನ ಬರಿಗೈಲಿ ಇಟ್ಟಿಗೆ ಎತ್ತಿ ಹಿಂದಕ್ಕೆಸೆಯುತ್ತಿದ್ದರು. ಎಲ್ಲೋ ಒಳಗಿನಿಂದ ಯಾರೋ ನೀರು ಕೇಳುತ್ತಿದ್ದರು. ಆಮೇಲೆ ಕೇಳಲಿಲ್ಲ. ವೊಲೆರೊ ಗುಡ್ಡೆ ಹತ್ತಿ ಅಗೆಯತೊಡಗಿದ. ಒಂದು ಕಡೆ ಅವನ ಗಾರೆ ಸಿಕ್ಕಿತು. ಹಾಳೆಯ ಹಾಗೆ ಇಡಿಯಾಗಿ ಬಿದ್ದಿತ್ತು. ಇಟ್ಟಿಗೆ ಪುಡಿಯಾಗಿತ್ತು, ತೊಲೆ ಮುರಿದಿತ್ತು, ಗಾರೆ ಮಾತ್ರ ಒಡೆದಿರಲಿಲ್ಲ. ಅವನು ಅದನ್ನು ಎತ್ತಿ ಕಲ್ಲಿಗೆ ಬಡಿದು ಪುಡಿ ಮಾಡಿದ. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ. ಹಾಗೆ ಕಣ್ಣಾಡಿಸಿದ್ದಕ್ಕೆ ಅವನಿಗೇ ಹೇಸಿಗೆಯಾಯಿತು.

ಮೇನಿಯಸ್ ಬಂದ. ಚಿಕ್ಕ ವಿಬಿಯಾಳ ಗಂಡ, ವೊಲೆರೊನ ಷಡ್ಡಕ. ಟೈಬರ್ ನದಿಯ ಕಟ್ಟೆಯಲ್ಲಿ ಹಡಗಿನ ಮೂಟೆ ಹೊರುತ್ತಿದ್ದ. ನಸುಕಿಗೇ ಕೆಲಸಕ್ಕೆ ಹೋಗಿದ್ದರಿಂದ ಬದುಕಿದ್ದ. ಸ್ಪೇನಿನ ಯುದ್ಧದಲ್ಲಿ ಬಲಗೈಯ ಮೂರು ಬೆರಳು ಕಳೆದುಕೊಂಡವನು. ಅವನು ರೋಮಿಗಾಗಿ ಕಾದಾಡುತ್ತಿದ್ದಾಗ ಹಳ್ಳಿಯ ಅವನ ತುಂಡು ಹೊಲವನ್ನು ಪಕ್ಕದ ದೊಡ್ಡ ಜಮೀನಿನವರು ಉತ್ತು ಸೇರಿಸಿಕೊಂಡಿದ್ದರು. ಉಳಿದದ್ದು ಮೂರನೆಯ ಅಂತಸ್ತಿನ ಆ ಕೋಣೆ. ಉಳಿದ ಬೆರಳುಗಳಲ್ಲೇ ಅವನು ಅಗೆದ.

ಹೊತ್ತು ನೆತ್ತಿಗೆ ಬಂದಾಗ ಚಿಕ್ಕ ವಿಬಿಯಾ ಸಿಕ್ಕಳು. ಮೈ ಮೇಲೆ ಒಂದು ಗಾಯವಿರಲಿಲ್ಲ. ಬಾಯಿ ತುಂಬ ಧೂಳಿತ್ತು. ಮೇನಿಯಸ್ ತನ್ನ ಬೆರಳಿನಿಂದ ಆ ಧೂಳು ತೆಗೆಯುತ್ತಾ ಕೂತ. ತೆಗೆದಷ್ಟೂ ಬರುತ್ತಿತ್ತು. ಸತ್ತವರನ್ನು ಬೀದಿಯಲ್ಲಿ ಸಾಲಾಗಿ ಮಲಗಿಸಿದರು. ಗುಲಾಮರನ್ನು ಬೇರೆ ಮಲಗಿಸಿದರು. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಜನ ಸಿಟ್ಟಿಗೆದ್ದಿದ್ದರು. “ಎಲ್ಲಿ ಆ ಮನೆ ಒಡೆಯ? ಬರ್ಲಿ, ಇಲ್ಲಿ ಬಂದು ನಿಂತ್ಕೊಳ್ಳಿ!” ಎಂದು ಒಬ್ಬಳು ಮುದುಕಿ ಎದೆ ಬಡಿದುಕೊಂಡಳು. ಗುಸುಗುಸು ಕೂಗಾಗುತ್ತಿತ್ತು. ಅಷ್ಟರಲ್ಲಿ ವೆತುರಿಯಸ್ ಬಂದೇಬಿಟ್ಟ. ಟೋಗಾದ ಅಂಚನ್ನು ಕೆಸರಿಗೆ ಬಿಟ್ಟುಕೊಂಡು ಗುಡ್ಡೆ ಹತ್ತಿದ. ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಲ್ಲದೆಯೂ ಇರಬಹುದು.

“ನನ್ನ ಮಕ್ಕಳೇ, ಇವರ ಚಿತೆಯ ಸೌದೆ ನನ್ನದು. ಯಾರನ್ನೂ ಎಸ್ಕ್ವಿಲೈನಿನ ಬಡವರ ಹೆಣದ ಗುಂಡಿಗೆ ಎಸೆಯುವುದು ಬೇಡ. ಒಬ್ಬೊಬ್ಬರನ್ನೂ ಮರ್ಯಾದೆಯಿಂದ ಕಳಿಸೋಣ.”

ಜನ ಸುಮ್ಮನಾದರು.

“ಆದರೆ ಇದು ಹೇಗಾಯಿತು ಅಂತ ತಿಳಿಯಬೇಡವೇ? ಕಟ್ಟಡ ಚೆನ್ನಾಗಿತ್ತು. ಚಳಿ ಅಂತ ಯಾರೋ ಮೂರನೇ ಅಂತಸ್ತಿನ ತೊಲೆ ಕಡಿದು ಒಲೆಗೆ ಹಾಕಿದ್ದಾರೆ ಅಂತ ನನ್ನವರು ಹೇಳುತ್ತಾರೆ. ನಾನು ಯಾರ ಹೆಸರೂ ಹೇಳುವುದಿಲ್ಲ.”

ಹೆಸರು ಹೇಳುವ ಅಗತ್ಯವಿರಲಿಲ್ಲ. ಮೂರನೆಯ ಅಂತಸ್ತಿನಲ್ಲಿ ಬದುಕಿದವನು ಒಬ್ಬನೇ. ಎಲ್ಲರೂ ಮೇನಿಯಸನ ಕಡೆ ತಿರುಗಿದರು. ಅವನಿಗೆ ಕೇಳಿಸಿರಲಿಲ್ಲ. ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

“ವೊಲೆರೊ,” ಎಂದು ವೆತುರಿಯಸ್ ಕರೆದ. “ನೀನು ಗಾರೆಯವನು. ಮೊನ್ನೆ ತಾನೆ ನೀನೇ ಈ ಗೋಡೆ ನೋಡಿದ್ದೆ. ಇವರೆಲ್ಲರ ಎದುರಿಗೆ ಹೇಳು. ಗೋಡೆ ಹೇಗಿತ್ತು?”

ಬೀದಿ ಪೂರ್ತಿ ಅವನನ್ನು ನೋಡಿತು. ದೊಡ್ಡ ವಿಬಿಯಾ ಅಂಗಡಿಯಿಂದ ಒದ್ದೆ ಕಾಲಲ್ಲೇ ಓಡಿ ಬಂದಿದ್ದಳು. ತಂಗಿಯ ಪಾದ ಹಿಡಿದು ಕೂತವಳು ತಲೆಯೆತ್ತಿದಳು. ಫಿಲೊ ವೊಲೆರೊನ ಬೆನ್ನ ಹಿಂದೆಯೇ ನಿಂತಿದ್ದ. ಅವನ ಉಸಿರು ಕತ್ತಿಗೆ ತಾಗುತ್ತಿತ್ತು.

ವೊಲೆರೊ ತನ್ನ ಕೋಣೆಯನ್ನು ನೆನೆದ. ಕೆಲಸವನ್ನು ನೆನೆದ. ಮುಚ್ಚಿದವನು ನಾನೇ ಅಂದರೆ ಈ ಜನ ಇಲ್ಲೇ ಕಲ್ಲು ಹೊಡೆದಾರು ಎಂದು ನೆನೆದ.

“ಗೋಡೆ ಗಟ್ಟಿಗಿತ್ತು ಬುದ್ಧಿ,” ಅಂದ.

ಯಾರೋ ಮೇನಿಯಸನ ಕಡೆ ಉಗಿದರು. “ಸೌದೆಗೋಸ್ಕರ ಹೆಂಡ್ತೀನ ತಿಂದ್ಯಲ್ಲೋ!” ಮೇನಿಯಸ್ ಈಗ ತಲೆಯೆತ್ತಿದ. ಉಗಿದವನನ್ನು ನೋಡಲಿಲ್ಲ. ವೊಲೆರೊನನ್ನು ನೋಡಿದ. ಸಿಟ್ಟಿನಿಂದಲ್ಲ. ಏನೋ ತಪ್ಪಾಗಿ ಕೇಳಿಸಿತು, ಇನ್ನೊಂದು ಸಲ ಹೇಳಿಯಾನು ಎಂದು ಕಾಯುವವನ ಹಾಗೆ ನೋಡಿದ. ವೊಲೆರೊ ಗುಡ್ಡೆ ಇಳಿದು ಜನರೊಳಗೆ ಸೇರಿಕೊಂಡ.

ಶವಯಾತ್ರೆಯಲ್ಲಿ ವೆತುರಿಯಸ್ ಬರಿಗಾಲಲ್ಲಿ ನಡೆದ. ದಾರಿಯುದ್ದಕ್ಕೂ ಜನ ಕೈ ಮುಗಿದರು. ಮೇನಿಯಸನನ್ನು ಚಿತೆಯ ಹತ್ತಿರ ಬಿಡಲಿಲ್ಲ. ದೂರದಲ್ಲಿ ಗೋರಿಯೊಂದರ ಮರೆಯಲ್ಲಿ ನಿಂತು ಹೊಗೆ ನೋಡಿದ. ಹೊಗೆ ನಿಂತ ಮೇಲೆ ಎಲ್ಲಿಗೆ ಹೋದನೋ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ವೊಲೆರೊನ ಬುಟ್ಟಿ ಭಾರವಾಗಿತ್ತು. ಹಂದಿ ತೊಡೆಯ ಮಾಂಸ ಇಟ್ಟಿದ್ದರು, ಬಿಳಿ ರೊಟ್ಟಿ ಇಟ್ಟಿದ್ದರು. ಫಿಲೊ ಕಣ್ಣು ಮೇಲೆತ್ತದೆ, “ತಗೋ, ಒಡೆಯರು ನಿಂಗೇ ಅಂತ ಇಡ್ಸವ್ರೆ,” ಅಂದ.

“ನೀನು ಹೇಳ್ದೆ ಅಂತ ಮುಚ್ಚಿದೆ ಕಣೋ ಫಿಲೊ.”

“ನನಗೆ ಅವ್ರು ಹೇಳಿದ್ರು. ನನ್ನ ಬೆನ್ನು ಬಿಚ್ಚಿ ತೋರಿಸ್ಲಾ? ಬರೆ ಎಣಿಸ್ತೀಯಾ? ನೀನು ಪೌರ ಕಣಪ್ಪ. ನಿನ್ನನ್ನ ಚಾವಟೀಲಿ ಹೊಡಿಯೋಂಗಿಲ್ಲ. ಆದ್ರೂ ಬಾಯಿ ಬಿಡ್ಲಿಲ್ಲ. ನನ್ನ ಯಾಕೆ ಕೇಳ್ತೀಯ?”

ವೊಲೆರೊ ಬುಟ್ಟಿ ಎತ್ತಿಕೊಂಡ.

ದೊಡ್ಡ ವಿಬಿಯಾ ಮಾಂಸ ಬೇಯಿಸಿದಳು. ಅವಳು ಅತ್ತಿರಲಿಲ್ಲ. ಕೆಲಸಕ್ಕೂ ಹೋಗಿ ಬಂದಿದ್ದಳು. ವೊಲೆರೊ ಒಂದು ತುತ್ತು ಬಾಯಿಗಿಟ್ಟ. ನುಂಗಿದ. ಎದ್ದು ಬಾಗಿಲ ಹೊರಗೆ ಹೋಗಿ ಕಕ್ಕಿದ. ಒಳಗೆ ಬಂದಾಗ ಅವಳು ತಾನೂ ತಿನ್ನದೆ ಅವನನ್ನೇ ನೋಡುತ್ತಿದ್ದಳು.

“ಮೇನಿಯಸ್ ತೊಲೆ ಕಡಿದಿಲ್ಲ,” ಅಂದಳು. “ಆ ಕೈಯಲ್ಲಿ ಕೊಡಲಿ ಹಿಡಿಯೋಕಾಗಲ್ಲ ಅವನಿಗೆ. ನಿಂಗೂ ಗೊತ್ತು.”

“ಹೂಂ.”

“ಗೋಡೆ ಗಟ್ಟಿಗಿತ್ತು ಅಂದೆ.”

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಅದು ಕಿರಕಿರ ಅಂತೈತೆ ಅಂತ ಅವಳು ನಂಗೂ ಹೇಳಿದ್ಳು. ಭಾವ ನೋಡವ್ನೆ, ಏನಿಲ್ವಂತೆ ಅಂದ್ಳು. ಭಾವ ಅಂದಮೇಲೆ ಆಯ್ತು ಬಿಡು ಅಂದೆ ನಾನು.” ಅವಳ ದನಿ ಏರಲಿಲ್ಲ. “ನನ್ನ ಮುಖ ನೋಡಿ ಹೇಳು. ಗಟ್ಟಿಗಿತ್ತಾ?”

“ಕೈ ಹೋಗ್ತಿತ್ತು,” ಅಂದ ವೊಲೆರೊ. “ಒಳಗಡೆ ಪೂರ್ತಿ ಮೆತ್ತಗಿತ್ತು. ತೊಲೆ ಕೊಡಿ ಅಂದೆ. ಕೊಡ್ಲಿಲ್ಲ. ಚಿಂದಿ ತುರುಕಿ ಮುಚ್ಚಿದೆ. ಅವಳು ಕೇಳಿದ್ಳು. ಏನಿಲ್ಲ ಅಂದೆ. ಅಂಬಲಿ ಕೊಟ್ಳು. ಕುಡಿದೆ.”

ಅವಳು ಬೈಯಲಿ ಎಂದು ಅವನು ಕಾದ. ಹೊಡೆಯಲಿ ಎಂದು ಕಾದ. ಅವಳು ಎದ್ದು ಮಡಕೆಯನ್ನು ಬೀದಿಗೆ ಒಯ್ದು ಮಾಂಸವನ್ನೆಲ್ಲ ನಾಯಿಗೆ ಸುರಿದು ಬಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಚುನಾವಣೆಗೆ ಮುಂಚಿನ ದಿನ ವೆತುರಿಯಸನ ಟೋಗಾ ಅಗಸರ ಅಂಗಡಿಗೆ ಬಂತು. ಅಂಚಿನಲ್ಲಿ ಸುಬುರಾದ ಕೆಸರಿತ್ತು. ಅಂಗಡಿಯ ಯಜಮಾನ ಅದನ್ನು ದೊಡ್ಡ ವಿಬಿಯಾಳ ತೊಟ್ಟಿಗೆ ಹಾಕಿದ. ಅವಳು ಉದ್ದ ಅಂಗಿಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ ಒಳಗಿಳಿದಳು. ಚಳಿಗೆ ಉಚ್ಚೆ ಮಂಜಿನ ಹಾಗಿತ್ತು. ಸ್ವಲ್ಪ ಹೊತ್ತು ತುಳಿದಳು. ನಿಂತಳು.

“ಯಾಕೆ ನಿಂತೆ?”

“ಇದನ್ನ ತುಳಿಯಲ್ಲ.”

“ಕಾಲು ನೋಯ್ತಾ?”

“ಕಾಲು ದಿನಾ ನೋಯ್ತದೆ. ಇದನ್ನ ತುಳಿಯಲ್ಲ.”

“ನಾಳೆ ಬೆಳಿಗ್ಗೆ ಕೊಡ್ಬೇಕು ಕಣೆ! ದೊಡ್ಡೋರ ಬಟ್ಟೆ!”

“ನನ್ನ ತಂಗಿ ಬಾಯಲ್ಲಿದ್ದ ಮಣ್ಣು ಇದಕ್ಕೆ ಅಂಟೈತೆ. ಅದನ್ನ ನಾನು ತೆಗೆಯಲ್ಲ. ಬೇಕಾದ್ರೆ ಅವರೇ ಬಂದು ಇಳೀಲಿ, ತುಳೀಲಿ.”

ಯಜಮಾನ ಕೋಲೆತ್ತಿದ. ಅವಳು ಕದಲಲಿಲ್ಲ. ಬೆನ್ನ ಮೇಲೆ ಒಂದೇಟು ಬಿತ್ತು, ಇನ್ನೊಂದೇಟು ಬಿತ್ತು. ಜೊತೆಯ ಹೆಂಗಸರು ತುಳಿಯುವುದನ್ನು ನಿಲ್ಲಿಸಿದರು. ತೊಟ್ಟಿಗಳ ಜಳಜಳ ಸದ್ದು ನಿಂತು ಅಂಗಡಿ ನಿಶ್ಶಬ್ದವಾಯಿತು. ಅವರು ಅಷ್ಟೇ ಮಾಡಿದರು. ಮೂರನೆಯ ಏಟಿಗೆ ಯಜಮಾನನ ಕೈ ಏಳಲಿಲ್ಲ. ಅವಳನ್ನು ಹೊರಗೆ ಅಟ್ಟಿ, ಟೋಗಾವನ್ನು ಬೇರೊಬ್ಬಳ ತೊಟ್ಟಿಗೆ ಹಾಕಿದ. ಆ ಬೇರೊಬ್ಬಳು ಅಳುತ್ತಾ ತುಳಿದಳು.

ವಿಬಿಯಾ ಮನೆಗೆ ಬಂದು ಗಂಡನಿಗೆ ಹೇಳಿದ್ದು ಇಷ್ಟೇ. “ನನ್ನ ಕೈಲಾದದ್ದು ನಾನು ಮಾಡ್ದೆ. ನಾಳೆ ಚುನಾವಣೇಲಿ ಹೆಂಗಸರಿಗೆ ಬಾಯಿಲ್ಲ. ನಿಂಗೈತೆ.”

ಚುನಾವಣೆ ಕ್ಯಾಪಿಟೋಲ್ ಗುಡ್ಡದ ಮೇಲೆ, ದೇವಸ್ಥಾನದ ಮುಂದಿನ ಬಯಲಿನಲ್ಲಿ. ಹಗ್ಗ ಕಟ್ಟಿ ದಾರಿಗಳನ್ನು ಮಾಡಿದ್ದರು, ಒಂದೊಂದು ಗುಂಪಿಗೆ ಒಂದೊಂದು. ರೋಮಿನ ಪೌರರೆಲ್ಲ ಮೂವತ್ತೈದು ಗುಂಪು. ಊರಿನ ಬಡವರು ಎಷ್ಟು ಸಾವಿರವಿದ್ದರೂ ಅವರನ್ನೆಲ್ಲ ನಾಲ್ಕು ಗುಂಪಿಗೆ ತುರುಕಿದ್ದರು. ಉಳಿದವೆಲ್ಲ ಹೊರಗಿನ ಜಮೀನುದಾರರವು. ಒಂದು ಗುಂಪಿಗೆ ಒಂದೇ ಮತ. ವೊಲೆರೊನ ದಾರಿಯಲ್ಲಿ ಮೈಗೆ ಮೈ ತಿಕ್ಕುವ ನೂಕುನುಗ್ಗಲು. ಪಕ್ಕದ ದಾರಿಯಲ್ಲಿ ನಾಲ್ಕಾರು ಜನ ಹರಟೆ ಹೊಡೆಯುತ್ತಾ ನಿಂತಿದ್ದರು.

ದಾರಿಯ ಕೊನೆಯಲ್ಲಿ ಮರದ ಸೇತುವೆ, ಒಬ್ಬೊಬ್ಬನೇ ದಾಟುವಷ್ಟು ಕಿರಿದು. ಅದರ ಮೇಲೆ ಹೆಸರು ಕೇಳುವವನು ಮೇಣದ ಹಲಗೆ ಹಿಡಿದು ನಿಂತಿರುತ್ತಾನೆ. ಬಾಯಿಬಿಟ್ಟು ಹೇಳಬೇಕು. ಅವನು ಚುಕ್ಕೆ ಇಡುತ್ತಾನೆ. ಯಾರು ಯಾರ ಹೆಸರು ಹೇಳಿದರೆಂದು ಕೆಳಗೆ ನಿಂತವರಿಗೆಲ್ಲ ಕೇಳುತ್ತದೆ. ಕೇಳಲೆಂದೇ ಫಿಲೊ ಕೆಳಗೆ ನಿಂತಿದ್ದ. ಸ್ವಲ್ಪ ದೂರದಲ್ಲಿ ವೆತುರಿಯಸ್, ಹೊಳೆಯುವ ಟೋಗಾದಲ್ಲಿ, ಬಂದವರ ಕೈ ಹಿಡಿದು ಕುಲುಕುತ್ತಿದ್ದ.

“ವೆತುರಿಯಸ್.”

“ವೆತುರಿಯಸ್.”

“ಇನ್ಯಾರು, ವೆತುರಿಯಸ್. ಶವಕ್ಕೆ ಸೌದೆ ಕೊಟ್ಟ ಪುಣ್ಯಾತ್ಮ.”

ವೊಲೆರೊನ ಸರದಿ ಬಂತು. ಹಲಗೆಗಳು ಕಾಲ ಕೆಳಗೆ ಅಲುಗಿದವು.

“ಹೆಸರು?”

“ಗೋಡೆ ಬಿರಿದಿತ್ತು,” ಅಂದ ವೊಲೆರೊ.

“ಏನು?”

“ಸುಬುರಾ ವಠಾರದ ಗೋಡೆ ಬಿರಿದಿತ್ತು. ಕೈ ಹೋಗ್ತಿತ್ತು. ಮುಚ್ಚಿದವ್ನು ನಾನು. ಮುಚ್ಚು ಅಂದದ್ದು ವೆತುರಿಯಸನ ಮನೆ. ಮೇನಿಯಸ್ ತೊಲೆ ಕಡಿದಿಲ್ಲ. ಗಟ್ಟಿಗಿತ್ತು ಅಂತ ನಾನು ಸುಳ್ಳು ಹೇಳ್ದೆ.”

“ನಾನು ಕೇಳಿದ್ದು ಹೆಸರು ಕಣಯ್ಯ. ಪದವಿಗೆ ನಿಂತವರಲ್ಲಿ ಒಬ್ಬರ ಹೆಸರು ಹೇಳಿ ಮುಂದೆ ನಡಿ.”

“ಅವ್ರಲ್ಲಿ ಯಾರ ಹೆಸರೂ ನನ್ನ ಬಾಯಿಗೆ ಬರಲ್ಲ.”

ಹಿಂದಿನವರು ಕೂಗಿದರು. “ಏಯ್, ಸಾಗು! ಚಳಿಗೆ ಸಾಯ್ತಿದೀವಿ!” “ಕುಡಿದವ್ನೆ!” “ಕುಡಿದಿಲ್ಲ, ಅವ್ನು ಗಾರೆ ವೊಲೆರೊ, ಅವ್ನೇನೋ ಹೇಳ್ತಾವ್ನೆ, ಕೇಳ್ರೋ!” ವೊಲೆರೊ ಜನರ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಮತ್ತೆ ಅದನ್ನೇ ಹೇಳಿದ. ನಾನು ಮುಚ್ಚಿದೆ. ನಾನು ಸುಳ್ಳು ಹೇಳಿದೆ. ಅವನು ಇನ್ನೂ ಹೇಳುತ್ತಿರುವಾಗಲೇ ಯಾರದೋ ಕೈ ಎದೆಗೆ ಬಿತ್ತು. ಸೇತುವೆಯಿಂದ ಅಡ್ಡಲಾಗಿ ಕೆಳಗೆ ಬಿದ್ದ. ಮೊಣಕೈ ಕಲ್ಲಿಗೆ ಬಡಿದು ಮೂಳೆ ಲಟಕ್ಕೆಂದಿತು. ಫಿಲೊ ಬಂದು ಅವನ ಪಕ್ಕೆಗೆ ಒದ್ದ. ಜೋರಾಗಿ ಒದೆಯಲಿಲ್ಲ. ಒದ್ದದ್ದು ಒಡೆಯನಿಗೆ ಕಾಣಬೇಕಿತ್ತು.

“ಏಳಬೇಡ, ಬಿದ್ದಿರು,” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. “ನಿನ್ನ ಕೋಣೆ ಹೋಯ್ತು.”

ಮೇಲೆ ಹೆಸರು ಕೇಳುವುದು ಮುಂದುವರಿಯಿತು. ಅವನ ಹಿಂದಿದ್ದ ಮುದುಕ ಸಣ್ಣ ದನಿಯಲ್ಲಿ ವೆತುರಿಯಸ್ ಅಂದ. ಅವನ ಹಿಂದಿನವನೂ ಅಂದ. ಆಮೇಲೆ ಒಬ್ಬ ಮಾತೇ ಆಡದೆ ದಾಟಿ ಹೋದ. ಇನ್ನೊಬ್ಬ ಬೇರೆ ಹೆಸರು ಹೇಳಿದ. ಆಮೇಲೆ ಮತ್ತೆ ವೆತುರಿಯಸ್, ವೆತುರಿಯಸ್.

ಸಂಜೆಯ ಹೊತ್ತಿಗೆ ವೆತುರಿಯಸ್ ಗೆದ್ದ. ಸುಬುರಾ ಗುಂಪಿನ ಮತವೂ ಅವನಿಗೇ ಬಿತ್ತು.

ಮುರಿದ ಕೈಯನ್ನು ಎದೆಗವಚಿಕೊಂಡು ವೊಲೆರೊ ಗುಡ್ಡ ಇಳಿಯುತ್ತಿದ್ದಾಗ ಒಬ್ಬ ಹಿಂದಿನಿಂದ ಬಂದು ಭುಜ ತಟ್ಟಿದ. ಸೋತ ಅಭ್ಯರ್ಥಿಯ ಕಡೆಯವನು. ಒಳ್ಳೆ ಉಡುಪು, ನಗುಮುಖ.

“ಭೇಷ್ ಕಣಯ್ಯ. ಗಂಡಸು ಅಂದ್ರೆ ನೀನು. ನಾಳೆ ಬೆಳಿಗ್ಗೆ ನಮ್ಮ ಒಡೆಯರ ಬಾಗಿಲಿಗೆ ಬಾ. ನಿನ್ನಂಥವರು ಬೇಕು ನಮಗೆ. ಇದೇ ಮಾತನ್ನ ಇನ್ನೂ ನಾಲ್ಕು ಕಡೆ ಹೇಳುವೆಯಂತೆ.”

“ನಿಮ್ಮ ಒಡೆಯರಿಗೂ ವಠಾರಗಳು ಅವೆಯಲ್ಲ?”

“ಇವೆ. ಬೇಕಾದಷ್ಟಿವೆ. ನಿನಗೊಂದು ಕೋಣೆ ಕೊಡಿಸೋಣ.”

“ಗೋಡೆಗಳು ಹೆಂಗವೆ?”

ಅವನು ಗಟ್ಟಿಯಾಗಿ ನಕ್ಕ. ವೊಲೆರೊ ನಗಲಿಲ್ಲ. ಬಂದವನ ನಗು ನಿಂತಿತು. “ಸೊಕ್ಕು,” ಎಂದು ಹೊರಟುಹೋದ.

ಕೋಣೆಯ ಮುಂದೆ ಅವರ ಸಾಮಾನು ಆಗಲೇ ಬೀದಿಗೆ ಬಿದ್ದಿತ್ತು. ಮಡಕೆ, ಚಾಪೆ, ಎರಡು ಕಂಬಳಿ. ದೊಡ್ಡ ವಿಬಿಯಾ ಗಂಟು ಕಟ್ಟುತ್ತಿದ್ದಳು. ಗುಡ್ಡದ ಮೇಲೆ ನಡೆದದ್ದು ಅವನಿಗಿಂತ ಮುಂಚೆ ಬೀದಿಗೆ ಬಂದಿತ್ತು. ಅವಳು ಕಂಬಳಿಯ ಅಂಚು ಹರಿದು ಅವನ ಕೈಯನ್ನು ಕತ್ತಿಗೆ ಕಟ್ಟಿದಳು. ಒಳ್ಳೆಯದು ಮಾಡಿದೆ ಎನ್ನಲಿಲ್ಲ.

“ಮೇನಿಯಸ್ ಉಪ್ಪಿನ ಕಟ್ಟೆ ಹತ್ರ ಅವ್ನಂತೆ,” ಅಂದಳು. “ನಡಿ.”

ಮೇನಿಯಸ್ ಟೈಬರ್ ದಂಡೆಯಲ್ಲಿ ಮೂಟೆಗಳ ನಡುವೆ ಕೂತಿದ್ದ. ಗಡ್ಡ ಬೆಳೆದಿತ್ತು. ವೊಲೆರೊನನ್ನು ಕಂಡು ಏಳಲಿಲ್ಲ.

“ಕೇಳ್ದೆ,” ಅಂದ. “ಊರಿಗೆಲ್ಲ ಹೇಳಿದ್ಯಂತೆ.”

“ಹೂಂ.”

“ಊರಿಗೆ ಹೇಳ್ದೆ. ನನಗೆ ಹೇಳ್ಲಿಲ್ಲ.”

ಗುಡ್ಡದ ಮೇಲೆ ಸಾವಿರ ಜನರೆದುರು ಬಂದ ಮಾತು ಇಲ್ಲಿ ಬರಲಿಲ್ಲ. ವೊಲೆರೊ ಉಪ್ಪು ಚೆಲ್ಲಿದ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಕಿರಕಿರ ಅನ್ನುತ್ತೆ ಅಂದಳು, ಅಂದ. ಗೊರಕೆ ಇರ್ಬೇಕು ಅಂದೆ, ಅಂದ. ನಕ್ಕಳು, ಅಂದ. ಅವಳು ನಿಜವಾಗ್ಲೂ ಎಂದು ಕೇಳಿದ್ದನ್ನು ಹೇಳುವಾಗ ಅವನ ದನಿ ನಿಂತುಹೋಯಿತು. ಮೇನಿಯಸ್ ಕಾದ. ವೊಲೆರೊ ಅದನ್ನೂ ಹೇಳಿ ಮುಗಿಸಿದ.

ಮೇನಿಯಸ್ ಎದ್ದ. ಮುಷ್ಟಿ ಕಟ್ಟಿದ. ಇದ್ದ ಬೆರಳುಗಳ ಮುಷ್ಟಿ. ವೊಲೆರೊ ಮುಖ ಮುಂದೆ ಮಾಡಿದ. ಏಟು ಬಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಅದು ಮೇನಿಯಸನಿಗೆ ತಿಳಿಯಿತೋ ಏನೋ, ಅವನು ಹೊಡೆಯಲಿಲ್ಲ.

“ಇಲ್ಲ,” ಅಂದ. “ಹೊಡೆಸ್ಕೊಂಡು ಹೋಗ್ಬಿಡ್ತೀಯ ನೀನು. ಟ್ರಿಬ್ಯೂನನ ಮನೆಗೆ ನಡಿ. ಅಲ್ಲೂ ಹೇಳು.”

ಟ್ರಿಬ್ಯೂನ್ ಅಂದರೆ ಸಾಮಾನ್ಯ ಜನ ತಮಗಾಗಿ ಆರಿಸಿಕೊಂಡವನು. ದೊಡ್ಡವರ ಮೇಲೆ ದೂರು ಹೊರಿಸಬಲ್ಲವನು. ಅವನ ಮನೆ ಬಾಗಿಲನ್ನು ಯಾವ ಹೊತ್ತಿನಲ್ಲೂ ಮುಚ್ಚುವ ಹಾಗಿಲ್ಲ ಎಂಬುದು ರೋಮಿನ ಕಟ್ಟಳೆ. ಮೇನಿಯಸ್ ಮುಂದೆ ನಡೆದ. ವಿಬಿಯಾ ತಲೆಯ ಮೇಲೆ ಗಂಟು ಹೊತ್ತು ಅವನ ಹಿಂದೆ. ವೊಲೆರೊ ಕೊನೆಯಲ್ಲಿ.

ಬಾಗಿಲು ತೆರೆದಿತ್ತು. ಒಳಗಿನಿಂದ ಹುರಿದ ಮೀನಿನ ವಾಸನೆ, ನಗು ಬರುತ್ತಿತ್ತು. ಬಾಗಿಲ ಕಾವಲಿನ ಗುಲಾಮ ಅಡ್ಡ ಬಂದ.

“ಊಟಕ್ಕೆ ಕೂತವ್ರೆ. ನಾಳೆ ಬನ್ನಿ.”

“ಈಡೈಲ್ ಆದ ವೆತುರಿಯಸನ ಮೇಲೆ ದೂರೈತೆ,” ಅಂದ ಮೇನಿಯಸ್.

ಗುಲಾಮ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದ. “ಲೋ, ಒಳಗೆ ಊಟಕ್ಕೆ ಬಂದವ್ರು ವೆತುರಿಯಸನ ಮನೆಯೋರೇ ಕಣ್ರೋ. ಅವ್ರ ಮನೆಯಿಂದ ಹೆಣ್ಣು ತರ್ತಾವ್ರೆ ಇವ್ರು. ಹೋಗಿ, ಹೋಗಿ.”

ಮೇನಿಯಸ್ ಆ ತೆರೆದ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ.

“ಬಾಗಿಲು ಹಾಕ್ತೀಯಾ?”

“ಹಾಕೋಂಗಿಲ್ಲ.”

“ಹಂಗಾದ್ರೆ ಕೂತಿರ್ತೀವಿ. ಒಳಗಿನೋರು ಊಟ ಮಾಡ್ತಾ ನಮ್ಮನ್ನ ನೋಡ್ಲಿ.”

ಅವನು ಹೊಸ್ತಿಲ ಎದುರಿಗೆ ನೆಲದ ಮೇಲೆ ಕೂತ. ವಿಬಿಯಾ ಗಂಟು ಇಳಿಸಿ ಅವನ ಬಲಕ್ಕೆ ಕೂತು, ಸುಲಿದ ಕಾಲುಗಳನ್ನು ಬೆಳಕಿಗೆ ಚಾಚಿದಳು. ಒಳಗೆ ನಗು ಒಮ್ಮೆ ನಿಂತು, ಮತ್ತೆ ಶುರುವಾಯಿತು. ವೊಲೆರೊ ಬಂದು ಮೇನಿಯಸನ ಎಡಕ್ಕೆ ಕೂರಲು ಬಾಗಿದ.

“ನನ್ನ ಪಕ್ಕ ಕೂತ್ಕೋಬೇಡ,” ಅಂದ ಮೇನಿಯಸ್, ಅವನ ಕಡೆ ತಿರುಗದೆ. “ಆ ಕಡೆ ಕೂತ್ಕೋ. ಆದ್ರೆ ಎದ್ದು ಮಾತ್ರ ಹೋಗ್ಬೇಡ.”